ತಂಬೂರಿಯ ಜೀವವೂ ವಿದ್ಯುತ್ತಿನ ಪೆಟ್ಟಿಗೆಯೂ

ಸಂಗೀತದಲ್ಲಿ ಶ್ರುತಿಯನ್ನು ತಾಯಿಗೂ ಲಯವನ್ನು ತಂದೆಗೂ ನಮ್ಮ ಹಿರಿಯರು ಹೋಲಿಸಿದ್ದಾರೆ. ಲಯ ತಪ್ಪಿದ ಗಾಯಕನು ಒಂದೆರಡು ಆವರ್ತನಗಳಲ್ಲಿ ಹೇಗೋ ಸಾವರಿಸಿಕೊಂಡಾನು; ಶ್ರುತಿ ತಪ್ಪಿದವನಿಗೆ ನಿಲ್ಲಲು ನೆಲವೇ ಇರುವದಿಲ್ಲ. ಆ ತಾಯಿಯ ಧ್ವನಿಯು ಅನೇಕ ತಲೆಮಾರುಗಳ ಕಾಲ ನಮ್ಮ ಮಠಗಳಲ್ಲಿಯೂ ಮನೆಗಳಲ್ಲಿಯೂ ತಂಬೂರಿಯ ತಂತಿಗಳಿಂದಲೇ ಹೊರಡುತ್ತಿದ್ದಿತು. ಈಗಲಾದರೋ ಸಂಗೀತವನ್ನು ಅಭ್ಯಾಸ ಮಾಡುವ ಹೆಚ್ಚಿನ ಮನೆಗಳಲ್ಲಿ ಅದು ಪುಸ್ತಕದ ಗಾತ್ರದ ಒಂದು ವಿದ್ಯುತ್ ಪೆಟ್ಟಿಗೆಯಿಂದಲೋ, ಅಂಗೈಯೊಳಗಿನ ಫೋನಿನಿಂದಲೋ ಬರುತ್ತದೆ. ಗುಂಡಿಯನ್ನೊತ್ತಿದರೆ ಪಂಚಮ, ಷಡ್ಜ, ಷಡ್ಜ, ಮಂದ್ರ ಷಡ್ಜಗಳು ಒಂದರ ಹಿಂದೊಂದು ನುಡಿಯತೊಡಗುತ್ತವೆ. ಮೀಟುವ ಬೆರಳೂ ಇಲ್ಲ, ಮೀಟಿಸಿಕೊಳ್ಳುವ ತಂತಿಯೂ ಇಲ್ಲ. ಆದರೂ ಕೇಳಿದವರು ಅದನ್ನು ತಂಬೂರಿಯೆಂದೇ ಗುರುತಿಸುತ್ತಾರೆ. ಈ ಮಾರ್ಪಾಡು ಹೇಗಾಯಿತು, ಜಡವಾದ ಪೆಟ್ಟಿಗೆಗೆ ಮರ ಮತ್ತು ಸೋರೆಬುರುಡೆಗಳ ನುಡಿಯನ್ನು ಹೇಗೆ ಕಲಿಸಿದರು, ಹಾಗೆ ಕಲಿಸುವಾಗ ಕೈಬಿಟ್ಟು ಹೋದದ್ದೇನು, ಎಂಬುದನ್ನು ವಾಚಕರ ಮುಂದಿಡುವದೇ ಈ ಲೇಖನದ ಉದ್ದೇಶವು.

ನಮ್ಮ ತಾಳಿಕೋಟೆಯ ಹೆಸರು ಇತಿಹಾಸದ ಪುಸ್ತಕಗಳಲ್ಲಿ ಬರುವದು ಯುದ್ಧದ ಮೂಲಕ. 1565ನೆಯ ಇಸವಿಯ ಜನವರಿ 23ರಂದು ಕೃಷ್ಣಾನದಿಯ ಬಳಿ, ರಕ್ಕಸಗಿ–ತಂಗಡಗಿಗಳ ಹೆಸರಿನಿಂದಲೂ ಕರೆಯಲ್ಪಡುವ ಆ ಕಾಳಗ ನಡೆದು ವಿಜಯನಗರದ ವೈಭವವು ಕುಸಿಯಿತು. ಆದರೆ ಆ ರಣಕಹಳೆಯ ಧ್ವನಿಯಡಗಿ ಹದಿನೈದೇ ವರ್ಷಗಳಲ್ಲಿ ಇದೇ ಸೀಮೆಯನ್ನಾಳಿದ ವಿಜಾಪುರದ ಸಿಂಹಾಸನವನ್ನು ಏರಿದ ಅರಸನು ನಾದದ ಹುಚ್ಚನಾಗಿದ್ದನೆಂಬುದನ್ನು ಅಷ್ಟಾಗಿ ಯಾರೂ ನೆನೆಯುವದಿಲ್ಲ. 1580ರಿಂದ 1627ರ ವರೆಗೆ ಆಳಿದ ಎರಡನೆಯ ಇಬ್ರಾಹೀಮ ಆದಿಲಶಾಹನು 'ಕಿತಾಬ್-ಎ-ನವರಸ್' ಎಂಬ ಹಾಡುಗಬ್ಬವನ್ನು ದಖನಿ ಭಾಷೆಯಲ್ಲಿ ರಚಿಸಿದನು. ಅದರಲ್ಲಿ ಸರಸ್ವತಿಯನ್ನೂ ಗಣಪತಿಯನ್ನೂ ಸ್ತುತಿಸಿದನು. 1599ರಲ್ಲಿ ವಿಜಾಪುರದ ಮಗ್ಗುಲಲ್ಲಿ ನವರಸಪುರವೆಂಬ ಊರನ್ನು ಕಟ್ಟಿಸತೊಡಗಿದನು. ಅವನು ತನ್ನ ತಂಬೂರವನ್ನು 'ಮೋತಿಖಾನ' ಎಂದು ಹೆಸರಿಟ್ಟು ಕರೆಯುತ್ತಿದ್ದನು. ಆನೆಗೆ ಹೆಸರಿಡುವದುಂಟು, ಖಡ್ಗಕ್ಕೆ ಹೆಸರಿಡುವದುಂಟು; ವಾದ್ಯಕ್ಕೆ ಹೆಸರಿಟ್ಟು ಅದನ್ನು ಹಾಡಿನಲ್ಲಿ ಸೇರಿಸಿದ ದೊರೆಗಳು ವಿರಳ. ಅವನು ತಂಬೂರವನ್ನು ನುಡಿಸುತ್ತಿರುವ ಚಿತ್ರವೊಂದನ್ನು ಫರ್ರುಖ ಬೇಗನು ಬರೆದನು. ಅದು ಈಗ ದೂರದ ಪ್ರಾಗ್ ನಗರದ ಸಂಗ್ರಹಾಲಯದಲ್ಲಿದೆ. ಆ ತಂಬೂರವು ನಾವಿಂದು ಬಲ್ಲ ಶ್ರುತಿಯ ತಂಬೂರಿಯೇ ಎಂದು ಸಾಧಿಸಲು ನಾನು ಹೊರಟಿಲ್ಲ. ಒಂದೇ ಹೆಸರು ಕಾಲಕಾಲಕ್ಕೆ ಬೇರೆ ಬೇರೆ ವಾದ್ಯಗಳಿಗೆ ಸಲ್ಲುವದು ಲೋಕದ ರೂಢಿಯೇ ಸರಿ. ತಂತಿಯ ನಾದಕ್ಕೆ ವ್ಯಕ್ತಿತ್ವವುಂಟೆಂಬ ಭಾವನೆಯು ಈ ನೆಲಕ್ಕೆ ಹೊಸದಲ್ಲವೆಂಬುದಿಷ್ಟೇ ಇಲ್ಲಿ ಮುಖ್ಯವು.

ಅರಮನೆಯ ಮಾತು ಹಾಗಿರಲಿ. ಹರಿದಾಸರ ಹೆಗಲ ಮೇಲೆ ತಂಬೂರಿಯೂ, ತತ್ವಪದಕಾರರ ಕೈಯಲ್ಲಿ ಏಕತಾರಿಯೂ ನಮ್ಮ ಹಳ್ಳಿಹಳ್ಳಿಗಳನ್ನು ಸುತ್ತಿದವು. ಪುರಂದರದಾಸರ ಚಿತ್ರವನ್ನು ತಂಬೂರಿಯಿಲ್ಲದೆ ಬರೆದರೆ ಮಕ್ಕಳು ಸಹ ಗುರುತಿಸಲಾರರು. ಈ ವಾದ್ಯದ ಮೇಲೆ ಯಾರೂ ರಾಗವನ್ನು ನುಡಿಸುವದಿಲ್ಲ, ತಾನು ಮುಂದೆ ಬರಬೇಕೆಂಬ ಹಂಬಲವು ಇದಕ್ಕಿಲ್ಲ. ಇದು ಹಾಡುವವನ ಹಿಂದೆ ಕುಳಿತು ಅವನನ್ನು ಎತ್ತಿ ಹಿಡಿಯುತ್ತದೆ. ಆದುದರಿಂದಲೇ ಇದರ ಮಹತ್ವವು ಕೇಳುವವರಿಗೆ ಬೇಗನೆ ಹೊಳೆಯುವದಿಲ್ಲ.

ಇನ್ನು ತಂಬೂರಿಯ ರಚನೆಯನ್ನು ನೋಡುವಾ. ನಮ್ಮ ಭಾಗದ ಗವಾಯಿಗಳು ಬಳಸುವ ತಂಬೂರಿಯು ಬಹುಮಟ್ಟಿಗೆ ಮಿರಜದಿಂದ ಬರುವದು. ಪಟವರ್ಧನ ಸಂಸ್ಥಾನಿಕರ ಆಶ್ರಯದಲ್ಲಿ ಅಲ್ಲಿಯ ಶಿಕಲಗಾರ ಮನೆತನದವರು, ಎಂದರೆ ಆಯುಧಗಳನ್ನು ಮಾಡಿ ಸಾಣೆ ಹಿಡಿಯುತ್ತಿದ್ದವರು, ಹತ್ತೊಂಬತ್ತನೆಯ ಶತಮಾನದ ನಡುವೆ ಕತ್ತಿಯ ಕೆಲಸವನ್ನು ಬಿಟ್ಟು ತಂತಿವಾದ್ಯದ ಕೆಲಸಕ್ಕೆ ತೊಡಗಿದರು. ಈ ವಂಶದ ಮೂಲಪುರುಷರಲ್ಲಿ ಫರೀದಸಾಹೇಬರ ಹೆಸರು ಪ್ರಸಿದ್ಧವಾಗಿದೆ. ಆ ತಂಬೂರಿಯ ಬುರುಡೆಯು ತಿನ್ನಲು ಬಾರದ ಕಹಿ ಜಾತಿಯ ದೊಡ್ಡ ಕಾಯಿಯದು. ಅದನ್ನು ಪಂಢರಪುರದ ಸೀಮೆಯಲ್ಲಿ ಬೆಳೆಯುವರು. ಪಂಢರಪುರವನ್ನು ತೊಳೆದು ಬರುವ ಭೀಮೆಯೇ ಮುಂದೆ ನಮ್ಮ ಇಂಡಿ, ಸಿಂದಗಿಗಳ ಅಂಚಿನಲ್ಲಿ ಹರಿಯುವದರಿಂದ ತಂಬೂರಿಯ ಒಡಲನ್ನು ನಮ್ಮ ಹೊಳೆಯ ಬೆಳೆಯೆಂದೇ ಹೇಳಬಹುದು. ಬುರುಡೆಯ ಬಾಯಿಗೆ ತೆಳುವಾದ ಮರದ ಹಲಗೆಯನ್ನು ಮುಚ್ಚುವರು. ಇದಕ್ಕೆ ತಬಲಿಯೆಂದು ಹೆಸರು. ಅದರಿಂದ ಮೇಲಕ್ಕೆ ಟೊಳ್ಳಾದ ದಂಡಿ, ತುದಿಯಲ್ಲಿ ನಾಲ್ಕು ಬಿರಡೆಗಳು. ತಂತಿಗಳು ಬಿರಡೆಯಿಂದ ಇಳಿದು, ತಬಲಿಯ ಮೇಲಿನ ಕುದುರೆಯನ್ನು ಹಾಯ್ದು, ಕೆಳಗೆ ಸಣ್ಣ ಮಣಿಗಳ ಮೂಲಕ ಬಿಗಿಯಲ್ಪಟ್ಟಿರುತ್ತವೆ. ಬಿರಡೆಯಿಂದ ದೊಡ್ಡ ಹೆಚ್ಚುಕಡಿಮೆಯನ್ನೂ ಮಣಿಯಿಂದ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸರಿಪಡಿಸುವರು. ದಕ್ಷಿಣದ ಕರ್ನಾಟಕ ಸಂಗೀತದವರ ತಂಬೂರಿಗೆ ಬುರುಡೆಯ ಬದಲು ಹಲಸಿನ ಮರದ ಕೊಡವಿರುವದು; ಉಳಿದ ತತ್ವವೆಲ್ಲ ಒಂದೇ.

ಈ ಎಲ್ಲ ಅಂಗಗಳಲ್ಲಿ ತಂಬೂರಿಯ ಮರ್ಮವು ಅಡಗಿರುವದು ಕುದುರೆಯಲ್ಲಿ. ಪಿಟೀಲಿನ ಕುದುರೆಯು ಚೂಪಾದ ಅಂಚಿನದು. ತಂತಿಯು ಅಲ್ಲಿ ಒಂದೇ ಬಿಂದುವಿನಲ್ಲಿ ಮುಟ್ಟುತ್ತದೆ. ತಂಬೂರಿಯ ಕುದುರೆಯ ಬೆನ್ನು ಅಗಲವಾಗಿಯೂ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಬಾಗಿಯೂ ಇರುವದು. ತಂತಿಗೂ ಆ ಬೆನ್ನಿಗೂ ನಡುವೆ ಒಂದೆಳೆ ಹತ್ತಿಯ ಇಲ್ಲವೆ ರೇಶ್ಮೆಯ ದಾರವನ್ನು ತೂರಿಸಿ ಅತ್ತಿತ್ತ ಸರಿಸುತ್ತ ಹೋದರೆ ಒಂದು ಸ್ಥಾನದಲ್ಲಿ, ಅದುವರೆಗೆ ಮೂಕವಾಗಿದ್ದ ತಂತಿಯು ಥಟ್ಟನೆ ಬಾಯಿ ತೆರೆದಂತೆ ಝೇಂಕರಿಸುವದು. ಇದಕ್ಕೆ ಹಿಂದುಸ್ತಾನಿಯವರು ಜವಾರಿಯೆನ್ನುವರು, ದಕ್ಷಿಣದವರು ಜೀವವೆನ್ನುವರು. ಜವಾರಿಯೆಂದರೆ ನಮ್ಮ ಆಡುಮಾತಿನಲ್ಲಿ ಅಪ್ಪಟ ದೇಶೀ ತಳಿಯೆಂದು ಅರ್ಥ. ಎರಡು ಶಬ್ದಗಳ ಮೂಲವು ಬೇರೆಯಾಗಿದ್ದರೂ ತಂಬೂರಿಯ ಮಟ್ಟಿಗೆ ಎರಡರ್ಥಗಳೂ ಒಪ್ಪುತ್ತವೆ.

ಜೀವವೆಂಬ ಈ ಹೆಸರು ಇಂದು ನಿನ್ನೆಯದಲ್ಲ. ಹದಿಮೂರನೆಯ ಶತಮಾನದಲ್ಲಿ, ನಮ್ಮ ಈ ಸೀಮೆಯು ದೇವಗಿರಿಯ ಸೇವುಣರ ಆಳಿಕೆಗೆ ಒಳಪಟ್ಟಿದ್ದಾಗ, ಸಿಂಘಣರಾಜನ ಆಸ್ಥಾನದಲ್ಲಿದ್ದ ಶಾರ್ಙ್ಗದೇವನು 'ಸಂಗೀತರತ್ನಾಕರ'ವನ್ನು ರಚಿಸಿದನು. ಅದರ ವಾದ್ಯಾಧ್ಯಾಯದಲ್ಲಿ ಏಕತಂತ್ರೀವೀಣೆಯ ಲಕ್ಷಣವನ್ನು ಹೇಳುವಾಗ, ಕುದುರೆಯ ಮೇಲಿನ ಲೋಹದ ಪತ್ರಿಕೆಗೂ ತಂತಿಗೂ ನಡುವೆ ಬಿದಿರಿನ ಸಣ್ಣ ಚೂರೊಂದನ್ನು ಇಡಬೇಕೆಂದು ವಿಧಿಸಿ, ಅದನ್ನು ಜೀವಾ ಎಂದು ಕರೆದಿದ್ದಾನೆ. ಬಿದಿರು ಹೋಗಿ ದಾರ ಬಂದಿತು. ಏಕತಂತ್ರಿಯು ಹೋಗಿ ತಂಬೂರಿಯು ಬಂದಿತು. ಆದರೆ ತಂತಿಯ ಮತ್ತು ಕುದುರೆಯ ನಡುವಣ ಆ ಸೂಕ್ಷ್ಮವಾದ ಸಂಧಿಯಲ್ಲಿಯೇ ನಾದದ ಪ್ರಾಣವಿದೆಯೆಂಬ ಅರಿವು ಸುಮಾರು ಎಂಟು ನೂರು ವರ್ಷಗಳಿಂದ ಕಡಿಯದೆ ಬಂದಿದೆ.

ಆ ಅರಿವಿಗೆ ಆಧುನಿಕ ಶಾಸ್ತ್ರದ ಸಾಕ್ಷಿಯನ್ನು ಒದಗಿಸಿದವರು ಸರ್ ಚಂದ್ರಶೇಖರ ವೆಂಕಟರಾಮನ್ನರು. ಕಲಕತ್ತೆಯಲ್ಲಿದ್ದಾಗ ಅವರು 1921ರಲ್ಲಿ ಭಾರತೀಯ ತಂತಿವಾದ್ಯಗಳನ್ನು ಕುರಿತು ಒಂದು ಚಿಕ್ಕ ಪ್ರಬಂಧವನ್ನು ಪ್ರಕಟಿಸಿದರು. ಯಾವ ತಂತಿಯೂ ಮೀಟಿದಾಗ ತನ್ನ ಮೂಲಸ್ವರವೊಂದನ್ನೇ ನುಡಿಯುವದಿಲ್ಲ. ಅದರ 2, 3, 4, 5 ಮೊದಲಾದ ಪಟ್ಟಿನ ವೇಗದ ಉಪಸ್ವರಗಳನ್ನೂ ಜತೆಯಲ್ಲಿ ನುಡಿಯುತ್ತದೆ. ಪಾಶ್ಚಾತ್ಯರ ನಿಯಮದಂತೆ ತಂತಿಯನ್ನು ನಟ್ಟನಡುವೆ ಮೀಟಿದರೆ 2, 4, 6 ಎಂಬ ಸಮಸಂಖ್ಯೆಯ ಉಪಸ್ವರಗಳು ಹುಟ್ಟಕೂಡದು. ಏಕೆಂದರೆ ಮೀಟಿದ ಸ್ಥಳವು ಅವುಗಳಿಗೆ ನಿಶ್ಚಲವಾಗಿರಬೇಕಾದ ಬಿಂದುವು. ತಂಬೂರಿಯಲ್ಲಿಯೂ ವೀಣೆಯಲ್ಲಿಯೂ ಈ ನಿಯಮವು ನಡೆಯುವದಿಲ್ಲವೆಂದೂ, ಇರಬಾರದ ಉಪಸ್ವರವು ಸಹ ಬಲವಾಗಿ ಕೇಳಿಸುವದೆಂದೂ, ಇದಕ್ಕೆ ಕುದುರೆಯ ವಿಶಿಷ್ಟ ಆಕಾರವೇ ಕಾರಣವೆಂದೂ ಅವರು ತೋರಿಸಿದರು. ಕಂಪಿಸುವ ತಂತಿಯು ಕುದುರೆಯ ಬಾಗಿದ ಬೆನ್ನನ್ನು ಮತ್ತೆ ಮತ್ತೆ ಮುಟ್ಟಿ ಬಿಡುವದರಿಂದ ಮೂಲಸ್ವರದ ಶಕ್ತಿಯು ಮೇಲಿನ ಉಪಸ್ವರಗಳಿಗೆ ಹಂಚಿ ಹೋಗುತ್ತದೆ. ಪರಿಣಾಮವಾಗಿ ಮೀಟಿದ ಕ್ಷಣದಲ್ಲಿ ನಾದವು ಮುಗಿಯುವದಿಲ್ಲ, ಆಮೇಲೆ ಅರಳುತ್ತದೆ. ಮೊದಲು ಎತ್ತರದ ಸ್ವರಗಳು ಮಿನುಗಿ, ಮೆಲ್ಲಮೆಲ್ಲನೆ ಕೆಳಕ್ಕಿಳಿಯುತ್ತ, ಹಿಂದಿನ ತಂತಿಯ ನಾದವು ಆರುವ ಮೊದಲೇ ಮುಂದಿನದು ಅದರೊಳಗೆ ಬೆರೆಯುತ್ತದೆ. ವಾಚಕರು ಈ ಅರಳುವಿಕೆಯನ್ನು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಇದರ ಸುತ್ತಲೇ ತಿರುಗುವದು.

ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮುಂದೆ ಸ್ವಲ್ಪ ಹೊತ್ತು ಸುಮ್ಮನೆ ಕುಳಿತರೆ, ಯಾವ ತಂತಿಗೂ ಹಚ್ಚದ ಗಾಂಧಾರ ಸ್ವರವೊಂದು ತಾನಾಗಿಯೇ ಕೇಳಬರುವದು. ಇದನ್ನು ಸ್ವಯಂಭೂ ಗಾಂಧಾರವೆನ್ನುವರು. ಇದು ಮಂದ್ರ ಷಡ್ಜದ ತಂತಿಯ ಐದನೆಯ ಉಪಸ್ವರವು. ಷಡ್ಜವು ಕ್ಷಣಕ್ಕೆ 240 ಕಂಪನಗಳದೆಂದು ಇಟ್ಟುಕೊಂಡರೆ ಈ ಗಾಂಧಾರದ ಸ್ಥಾನವು ಸರಿಯಾಗಿ 300ಕ್ಕೆ ಬರುವದು. ಅದೇ ಹಾರ್ಮೋನಿಯಮ್ಮಿನಲ್ಲಿ ಸಪ್ತಕವನ್ನು ಹನ್ನೆರಡು ಸಮಪಾಲು ಮಾಡಿರುವದರಿಂದ ಗಾಂಧಾರವು 302ನ್ನು ಮೀರಿ ಏರಿ ನಿಲ್ಲುತ್ತದೆ. ಪಂಚಮದಲ್ಲಿ ವ್ಯತ್ಯಾಸವು ಅತ್ಯಲ್ಪ. ಗಾಂಧಾರದಲ್ಲಿ ಅದು ಪಳಗಿದ ಕಿವಿಗೆ ಚುಚ್ಚುವಷ್ಟು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ಇಪ್ಪತ್ತೆರಡು ಶ್ರುತಿಗಳನ್ನು ಕುರಿತು 1910ರಲ್ಲಿ ಗ್ರಂಥವನ್ನು ಪ್ರಕಟಿಸಿದುದೂ, ಖಾನಸಾಹೇಬ ಅಬ್ದುಲ ಕರೀಮಖಾನರು ಅವರ ಪ್ರಯೋಗಗಳಿಗೆ ನೆರವಾದುದೂ ಇದೇ ವಿವೇಚನೆಯ ಫಲವು. ಮುಂದೆ ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಮ್ಮನ್ನು ತನ್ನ ಕಾರ್ಯಕ್ರಮಗಳಿಂದ ಬಹಿಷ್ಕರಿಸಿತು; ಆ ನಿರ್ಬಂಧವು ಸಡಿಲಾಗಲು 1971 ಬರಬೇಕಾಯಿತು. ಈ ಮೂವತ್ತು ವರ್ಷಗಳ ವಾದದಲ್ಲಿ ಅತಿರೇಕವೂ ಇದ್ದಿತು, ಸತ್ಯಾಂಶವೂ ಇದ್ದಿತು. ಅನುಕೂಲವಾದ ವಾದ್ಯವೊಂದು ಬಂದಾಗ ಅದು ಕಿವಿಯನ್ನು ತನ್ನ ಅಳತೆಗೆ ತಿದ್ದಿಬಿಡುವದೆಂಬ ಭಯವು ಆ ಸತ್ಯಾಂಶವು.

ಅಬ್ದುಲ ಕರೀಮಖಾನರ ಹೆಸರನ್ನು ಎತ್ತಿದ ಮೇಲೆ ಒಂದು ಮಾತನ್ನು ಹೇಳದೆ ಮುಂದಕ್ಕೆ ಹೋಗಲಾರೆ. ಕೈರಾಣೆಯಲ್ಲಿ ಹುಟ್ಟಿ ಮಿರಜದಲ್ಲಿ ನೆಲೆಸಿದ ಅವರಿಂದಲೇ ಕಿರಾಣಾ ಘರಾಣೆಯ ಗಾಯನವು ಕುಂದಗೋಳದ ಸವಾಯಿ ಗಂಧರ್ವರಿಗೂ, ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲ, ಭೀಮಸೇನ ಜೋಶಿ, ಬಸವರಾಜ ರಾಜಗುರು ಮೊದಲಾದವರಿಗೂ ಹರಿದು ಬಂದಿತು. ಈ ಪರಂಪರೆಯ ಗಾಯನದಲ್ಲಿ ಸ್ವರವನ್ನು ಅವಸರದಿಂದ ದಾಟದೆ ಅದರಲ್ಲಿಯೇ ನೆಲೆ ನಿಲ್ಲುವದು ಮುಖ್ಯ. ಅದಕ್ಕೆ ತಂಬೂರಿಯೇ ಆಧಾರ. 1937ರ ಅಕ್ಟೋಬರ 27ರಂದು ಖಾನಸಾಹೇಬರು ಪುದುಚೇರಿಯ ದಾರಿಯಲ್ಲಿ ದೇಹಾಲಸ್ಯವಾಗಿ ಸಿಂಗಪೆರುಮಾಳಕೋಯಿಲ್ ಎಂಬ ಚಿಕ್ಕ ಸ್ಟೇಶನ್ನಿನಲ್ಲಿ ಇಳಿದು, ತಂಬೂರಿಯನ್ನು ಶ್ರುತಿ ಮಾಡಿಸಿ, ಪ್ರಾರ್ಥನೆಯನ್ನು ಹಾಡುತ್ತ ದೇಹವನ್ನು ಬಿಟ್ಟರೆಂದು ಅವರ ಚರಿತ್ರೆಯಲ್ಲಿ ಬಂದಿದೆ. ಕೊನೆಯ ಗಳಿಗೆಯಲ್ಲಿ ಬೇಡಿದುದು ವೈದ್ಯನನ್ನಲ್ಲ, ಶ್ರುತಿಯನ್ನು. ಆ ಗವಾಯಿಗಳಿಗೆ ತಂಬೂರಿಯು ಏನಾಗಿತ್ತೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣವು ಬೇಡ.

ಇಂಥ ವಾದ್ಯವನ್ನು ಬಿಟ್ಟು ಜನರು ಪೆಟ್ಟಿಗೆಯ ಕಡೆಗೆ ಏಕೆ ತಿರುಗಿದರು? ಅವರನ್ನು ದೂಷಿಸುವ ಮೊದಲು ಅವರ ಸಂಕಟವನ್ನು ತಿಳಿಯಬೇಕು. ತಂಬೂರಿಯು ಆಳೆತ್ತರದ ವಾದ್ಯ. ಬುರುಡೆಯು ಮೊಟ್ಟೆಯಂತೆ ನಾಜೂಕು. ಬಸ್ಸಿನ ನೂಕುನುಗ್ಗಲಿನಲ್ಲಿ ಅದನ್ನು ಒಯ್ಯುವದು ಹಸುಳೆಯನ್ನು ಒಯ್ದಂತೆ. ನಮ್ಮ ವಿಜಾಪುರ ಜಿಲ್ಹೆಯ ಬೇಸಗೆಯಲ್ಲಿ ಮರವು ಒಣಗಿ ಬಿರಡೆಗಳು ಜಾರುತ್ತವೆ. ಮಳೆಗಾಲದಲ್ಲಿ ಉಬ್ಬಿ ಹಿಡಿದುಕೊಳ್ಳುತ್ತವೆ. ಜವಾರಿಯು ತಂತಿಯ ಉಜ್ಜಾಟದಿಂದ ಕೆಡುತ್ತದೆ. ಅದನ್ನು ಅರದಿಂದ ತಿದ್ದಿ ತೆರೆಯಬಲ್ಲವರು ಪ್ರತಿಯೊಂದು ಊರಿನಲ್ಲಿ ಇಲ್ಲ. ಮೇಲಾಗಿ ತಂಬೂರಿಯನ್ನು ಮೀಟುತ್ತ ಕೂಡ್ರಲು ಇನ್ನೊಬ್ಬರು ಬೇಕು. ಗುರುಕುಲದಲ್ಲಿ ಶಿಷ್ಯರಿದ್ದರು, ಆಕಾಶವಾಣಿಯ ನಿಲಯಗಳಲ್ಲಿ ತಂಬೂರಿಯವರೆಂದೇ ನೌಕರರಿದ್ದರು, ನಸುಕಿನಲ್ಲೆದ್ದು ಒಬ್ಬಳೇ ಸಾಧನೆ ಮಾಡುವ ಹುಡುಗಿಗೆ ಯಾರಿದ್ದಾರೆ? ಈ ತೊಂದರೆಗಳಿಗೆ ಮೊದಲ ಪರಿಹಾರವಾಗಿ ಬಂದದ್ದು ತಿದಿಯೊತ್ತುವ ಶ್ರುತಿಪೆಟ್ಟಿಗೆ. ಅದು ಸ್ವರವನ್ನು ಕೊಟ್ಟಿತು, ಆದರೆ ಅದು ಪಿಳ್ಳೆಯ ಧ್ವನಿಯೇ ಹೊರತು ತಂತಿಯ ಧ್ವನಿಯಲ್ಲ. ಒಂದೇ ಸಮನೆ ಹರಿಯುವದು, ಅರಳುವದಿಲ್ಲ. ಬುರುಡೆಯನ್ನು ತೆಗೆದು ಚಪ್ಪಟೆ ಪೆಟ್ಟಿಗೆಯಂತೆ ಮಾಡಿದ ಸಣ್ಣ ತಂಬೂರಿಗಳೂ ಬಂದವು. ಒಯ್ಯಲು ಹಗುರಾದವು, ನಾದದಲ್ಲಿಯೂ ಹಗುರಾದವು.

ಈ ಸ್ಥಿತಿಯಲ್ಲಿ ಬೆಂಗಳೂರಿನ ಜಿ. ರಾಜ್ ನಾರಾಯಣರು ಮುಂದೆ ಬಂದರು. ಅವರು ವಿದ್ಯೆಯಿಂದ ಇಂಜಿನಿಯರರು, ಅಭಿರುಚಿಯಿಂದ ಕೊಳಲು ನುಡಿಸುವವರು. ಎರಡು ವಿದ್ಯೆಗಳೂ ಒಬ್ಬರಲ್ಲಿ ಕೂಡಿದುದರಿಂದಲೇ ಈ ಕಾರ್ಯವು ಸಾಧ್ಯವಾಯಿತು. 1979ರಲ್ಲಿ ಅವರು ವಿದ್ಯುತ್ ತಂಬೂರಿಯನ್ನು ನಿರ್ಮಿಸಿ ಲೋಕದ ಮುಂದಿಟ್ಟರು. ರಾಡೆಲ್ ಎಂಬ ಅವರ ಸಂಸ್ಥೆಯಿಂದ ಹೊರಟ 'ರಾಗಿಣಿ' ಎಂಬ ಹೆಸರು ಮುಂದೆ ಸಂಗೀತಗಾರರ ಮನೆಮಾತಾಯಿತು. 'ತಾಲಮಾಲಾ' ಎಂಬ ವಿದ್ಯುತ್ ತಬಲೆಯೂ ಅದೇ ಸಂಸ್ಥೆಯದು. ಜಗತ್ತಿನ ಯಾವ ಮೂಲೆಯಲ್ಲಿ ಭಾರತೀಯ ಸಂಗೀತವನ್ನು ಕಲಿಯುವವರಿದ್ದರೂ ಅವರ ಬಳಿ ಇಂದು ಇಂಥದೊಂದು ಪೆಟ್ಟಿಗೆಯೋ ಅದರ ಸಂತಾನವೋ ಇರುವದು. ಕನ್ನಡ ನಾಡಿನ ರಾಜಧಾನಿಯಲ್ಲಿ ಹುಟ್ಟಿದ ಈ ಉಪಕರಣದ ಚರಿತ್ರೆಯನ್ನು ನಾವೇ ಬರೆದಿಡದಿದ್ದರೆ ಇನ್ನಾರು ಬರೆದಾರು?

ಆದರೆ ಪೆಟ್ಟಿಗೆಗೆ ತಂಬೂರಿಯ ಮಾತನ್ನು ಕಲಿಸುವದು ಸುಲಭವಾಗಿರಲಿಲ್ಲ. ಸ್ವರದ ಎತ್ತರವನ್ನು ಕೊಡುವದು ವಿದ್ಯುನ್ಮಂಡಲಕ್ಕೆ ಕಷ್ಟವಲ್ಲ. ನಿಯತವಾದ ವೇಗದಿಂದ ಕಂಪಿಸುವ ಪ್ರವಾಹವನ್ನು ಹುಟ್ಟಿಸಿ, ನಾಲ್ಕು ಸ್ವರಗಳನ್ನು ಸರದಿಯಂತೆ ಬಿಡುಗಡೆ ಮಾಡಿ, ಪ್ರತಿಯೊಂದನ್ನೂ ಮೆಲ್ಲನೆ ಆರಿಸುತ್ತ ಹೋದರೆ ತಂಬೂರಿಯ ಅಸ್ಥಿಪಂಜರವು ಸಿದ್ಧವಾಗುತ್ತದೆ. ಮೇಲೆ ಹೇಳಿದ ಅರಳುವಿಕೆಯೇ ಅದರ ರಕ್ತಮಾಂಸವು. ನಿಜವಾದ ತಂತಿಯಲ್ಲಿ ಉಪಸ್ವರಗಳ ಪ್ರಮಾಣವು ಕ್ಷಣಕ್ಷಣಕ್ಕೆ ಬದಲಾಗುತ್ತಿರುತ್ತದೆ. ಕೃತಕವಾಗಿ ಹುಟ್ಟಿಸಿದ ಸ್ವರದಲ್ಲಿ ಆ ಪ್ರಮಾಣವು ಆದಿಯಿಂದ ಅಂತ್ಯದ ವರೆಗೆ ಬಹುಮಟ್ಟಿಗೆ ಒಂದೇ ಆಗಿದ್ದು ಧ್ವನಿಯು ಮಾತ್ರ ಕ್ಷೀಣಿಸುತ್ತ ಹೋಗುವದು. ಆದ್ದರಿಂದ ಮೊದಮೊದಲಿನ ಪೆಟ್ಟಿಗೆಗಳ ನಾದವು ಸರಿಯಾಗಿದ್ದೂ ಒಣಗಿದಂತಿತ್ತು. ವ್ಯಾಕರಣ ತಪ್ಪದ, ರಸವಿಲ್ಲದ ಪದ್ಯಕ್ಕೆ ಅದನ್ನು ಹೋಲಿಸಬಹುದು.

ಮುಂದೆ ಧ್ವನಿಯನ್ನು ಸಂಖ್ಯೆಗಳ ರೂಪದಲ್ಲಿ ಬರೆದಿಡುವ ವಿದ್ಯೆಯು ಸುಲಭವಾದಾಗ ಉಪಾಯವು ಬದಲಾಯಿತು. ಒಳ್ಳೆಯ ತಂಬೂರಿಯೊಂದನ್ನು ಶ್ರುತಿ ಮಾಡಿ, ಒಂದೊಂದೇ ತಂತಿಯನ್ನು ಮೀಟಿ, ಆ ನಾದವನ್ನೇ ಮುದ್ರಿಸಿ ಯಂತ್ರದ ಸ್ಮೃತಿಯಲ್ಲಿ ಇಟ್ಟರು. ಈಗ ಪೆಟ್ಟಿಗೆಯು ತಂಬೂರಿಯನ್ನು ಅನುಕರಿಸುವದಿಲ್ಲ, ನೆನಪಿಸಿಕೊಂಡು ಹೇಳುತ್ತದೆ. ಇಲ್ಲಿಯೂ ತೊಡಕುಗಳಿದ್ದವು. ಮುದ್ರಿಸಿದ ನಾದವನ್ನು ಬೇರೆ ಶ್ರುತಿಗೆ ಏರಿಸಬೇಕಾದರೆ ಅದನ್ನು ವೇಗವಾಗಿ ಓಡಿಸಬೇಕು. ಹಾಗೆ ಮಾಡಿದರೆ ತಂತಿಯ ಸ್ವರದ ಜತೆಗೆ ಬುರುಡೆಯ ಅನುರಣನವೂ ಮೇಲಕ್ಕೇರಿ, ದೊಡ್ಡ ತಂಬೂರಿಯು ಆಟಿಗೆಯ ತಂಬೂರಿಯಾಗುವದು. ಇದಕ್ಕಾಗಿ ಬೇರೆ ಬೇರೆ ಶ್ರುತಿಗಳಲ್ಲಿ ಮುದ್ರಿಸಿ, ಹಾಡುವವನ ಶ್ರುತಿಗೆ ಸಮೀಪವಾದುದನ್ನೇ ಸ್ವಲ್ಪ ಮಾತ್ರ ಸರಿಸಿ ಬಳಸುವ ಕ್ರಮವು ಬಂದಿತು. ಒಂದೇ ಮುದ್ರಿಕೆಯನ್ನು ನೂರು ಸಲ ಕೇಳಿದರೆ ಮನಸ್ಸು ಅದರ ಯಾಂತ್ರಿಕತೆಯನ್ನು ಹಿಡಿದುಬಿಡುತ್ತದೆ. ಏಕೆಂದರೆ ಜೀವಂತ ಬೆರಳು ಎರಡು ಸಲ ಒಂದೇ ರೀತಿಯಾಗಿ ಮೀಟುವದಿಲ್ಲ. ಆದುದರಿಂದ ಒಂದೇ ತಂತಿಯ ಹಲವು ಮೀಟುಗಳನ್ನು ಸೇರಿಸಿ, ಸರದಿ ತಪ್ಪಿಸಿ ನುಡಿಸುವ ಜಾಣತನವನ್ನು ಸಹ ಕೆಲವರು ತೋರಿದರು. ಪರಿಪೂರ್ಣತೆಯನ್ನು ಸಾಧಿಸಿದ ಯಂತ್ರಕ್ಕೆ ಕಡೆಯಲ್ಲಿ ಅಪೂರ್ಣತೆಯ ಪಾಠವನ್ನು ಹೇಳಿಕೊಡಬೇಕಾಯಿತೆಂಬುದು ಗಮನಿಸತಕ್ಕ ಸಂಗತಿಯು.

ಈ ತೊಡಕು ನಮ್ಮ ದೇಶದವರಿಗೆ ಮಾತ್ರ ಬಂದುದಲ್ಲ. ಪಾಶ್ಚಾತ್ಯರ ಮೇಳಗಳಲ್ಲಿ ಮಂದ್ರಸ್ವರವನ್ನು ನುಡಿಸುವದಕ್ಕೆ ಡಬಲ್ ಬಾಸ್ ಎಂಬ ವಾದ್ಯವಿರುವದು. ಅದು ಆಳಿಗಿಂತ ಎತ್ತರವಾದ ಪಿಟೀಲಿನಂತಿದ್ದು ನೆಲಕ್ಕೆ ನಿಲ್ಲಿಸಿ ನುಡಿಸತಕ್ಕದ್ದು. ಒಯ್ಯುವ ಕಷ್ಟವೂ ಮೇಳದಲ್ಲಿ ಕೇಳಿಸದ ಕಷ್ಟವೂ ಅದಕ್ಕಿದ್ದುದರಿಂದ ಅಮೇರಿಕದ ಲಿಯೊ ಫೆಂಡರರು 1951ರಲ್ಲಿ ವಿದ್ಯುತ್ ಬಾಸನ್ನು ಮಾರಾಟಕ್ಕೆ ತಂದರು. ಟೊಳ್ಳು ಒಡಲಿನ ಬದಲು ಗಟ್ಟಿಯಾದ ಹಲಗೆ. ತಂತಿಯ ಕೆಳಗೆ ಅದರ ಕಂಪನವನ್ನು ಗ್ರಹಿಸುವ ಅಯಸ್ಕಾಂತ. ಸ್ವರವು ತಪ್ಪದಂತೆ ಸಿತಾರಿನ ಪಡದೆಗಳಂಥ ಲೋಹದ ಮೆಟ್ಟಿಲುಗಳು. ಕರಾರುವಾಕ್ಕಾದ ಸ್ವರವನ್ನು ಕೊಡುವದೆಂದೇ ಅದಕ್ಕೆ 'ಪ್ರಿಸಿಶನ್' ಎಂದು ಹೆಸರಿಟ್ಟರು. ಅನುಕೂಲವಾಯಿತು, ಆದರೆ ಹಳೆಯ ಬಾಸಿನ ಮರದ ಗುಂಯಿಗುಡುವ ನಾದವು ಬೇಕೆಂಬ ಹಂಬಲವು ನುಡಿಸುವವರಲ್ಲಿ ಉಳಿಯಿತು. ಕೆಲವರು ನುಣುಪಾದ ಚಪ್ಪಟೆ ಸುತ್ತಿನ ತಂತಿಗಳನ್ನು ಹಾಕಿ ಲೋಹದ ಕಿರುಚನ್ನು ಕಡಿಮೆ ಮಾಡಿದರು. ಕೆಲವರು ಕುದುರೆಯ ಬಳಿ ಸ್ಪಂಜಿನ ತುಂಡನ್ನಿಟ್ಟು, ಇಲ್ಲವೆ ಅಂಗೈಯ ಅಂಚನ್ನೊತ್ತಿ, ನಾದವು ಬೇಗನೆ ಅಡಗುವಂತೆ ಮಾಡಿದರು. ಮೊದಲು ದೊಡ್ಡ ಬಾಸನ್ನೇ ಅಭ್ಯಾಸ ಮಾಡಿದ್ದ ಜೇಮ್ಸ್ ಜೇಮರ್ಸನ್ನರು ಇಂಥ ಉಪಾಯಗಳಿಂದಲೇ ಡೆಟ್ರಾಯಿಟಿನ ಧ್ವನಿಮುದ್ರಿಕೆಗಳಲ್ಲಿ ಹೆಸರಾದರು. ಮತ್ತೆ ಕೆಲವರು ಮೆಟ್ಟಿಲುಗಳನ್ನೇ ಕಿತ್ತುಹಾಕಿದರು. 1966ರಲ್ಲಿ ಆಂಪೆಗ್ ಕಂಪನಿಯವರು ಮೆಟ್ಟಿಲಿಲ್ಲದ ವಿದ್ಯುತ್ ಬಾಸನ್ನು ಮಾಡಿದರು. ಜಾಕೊ ಪಾಸ್ಟೋರಿಯಸ್ಸರು ಅಂಥ ಬಾಸಿನಿಂದ ಹಾಡುವ ಕಂಠದಂಥ ಜಾರುನಾದವನ್ನು ಹೊರಡಿಸಿ ಕೀರ್ತಿವಂತರಾದರು.

ಎರಡು ಕಥೆಗಳನ್ನೂ ಜತೆಗಿಟ್ಟು ನೋಡಿದರೆ ಒಂದು ಸೊಗಸಾದ ಸಾದೃಶ್ಯವೂ ಒಂದು ವೈದೃಶ್ಯವೂ ಕಾಣುತ್ತವೆ. ಬಾಸಿನವರಿಗೆ ವಿದ್ಯುತ್ತು ನಾದವನ್ನು ಅತಿಯಾಗಿ ಉದ್ದ ಮಾಡಿತು. ಅದನ್ನು ಅಡಗಿಸುವದೇ ಅವರ ಪ್ರಯತ್ನವು. ನಮಗೆ ವಿದ್ಯುತ್ತು ನಾದದ ಅರಳುವಿಕೆಯನ್ನು ಕಸಿಯಿತು; ಅದನ್ನು ಮರಳಿ ಅರಳಿಸುವದೇ ನಮ್ಮ ಪ್ರಯತ್ನವು. ದಿಕ್ಕು ಬೇರೆ, ತತ್ವವೊಂದೇ. ಅನುಕೂಲಕ್ಕೆಂದು ಯಾವ ಅಂಗವನ್ನು ತೆಗೆದು ಹಾಕಿದರೋ, ಅಂದರೆ ಒಡಲು, ಕುದುರೆ, ಬೆರಳು, ಅದನ್ನೇ ಬೇರೊಂದು ರೂಪದಲ್ಲಿ ಹಿಂದಕ್ಕೆ ಕರೆಯದ ಹೊರತು ನಾದಕ್ಕೆ ಹಳೆಯ ಜೀವವು ಬರಲಿಲ್ಲ. ಇನ್ನೊಂದು ಭೇದವೂ ಉಂಟು. ಅವರ ವಿದ್ಯುತ್ ಬಾಸಿನಲ್ಲಿ ತಂತಿಯೂ ಬೆರಳೂ ಉಳಿದವು. ನುಡಿಸುವವನು ತಿದ್ದಿಕೊಳ್ಳಲು ಎಡೆಯಿದ್ದಿತು. ನಮ್ಮ ಪೆಟ್ಟಿಗೆಯಲ್ಲಿ ಅವೆರಡೂ ಹೋದವು. ಇಲ್ಲಿಯೇ ನನ್ನ ಮುಖ್ಯವಾದ ಮಾತಿರುವದು.

ತಂಬೂರಿಯಿಂದ ನಾವು ಎರಡು ಲಾಭಗಳನ್ನು ಪಡೆಯುತ್ತಿದ್ದೆವು. ಒಂದು, ಅದು ಕೊಡುವ ಶ್ರುತಿ. ಇನ್ನೊಂದು, ಅದಕ್ಕೆ ಶ್ರುತಿಯನ್ನು ಸೇರಿಸುವಾಗ ಆಗುವ ಶಿಕ್ಷಣ. ಮೊದಲನೆಯದನ್ನು ಪೆಟ್ಟಿಗೆಯು ಈಗ ಕೊಂಚವೂ ಕೊರತೆಯಿಲ್ಲದಂತೆ ಕೊಡಬಲ್ಲದು. ಎರಡನೆಯದನ್ನು ಕೊಡಲಾರದು. ಬಿರಡೆಯನ್ನು ತಿರುವುತ್ತ, ನಡುವಿನ ಎರಡು ಜೋಡಿ ತಂತಿಗಳು ಒಂದೇ ತಂತಿಯಂತೆ ಕೇಳುವ ವರೆಗೆ ಹೊಯ್ದಾಟವನ್ನು ಆಲಿಸುತ್ತ, ಮಣಿಯನ್ನು ಒಂದು ಕೂದಲಿನಷ್ಟು ಸರಿಸುತ್ತ, ದಾರವನ್ನು ಹುಡುಕಿ ನಿಲ್ಲಿಸುತ್ತ, ಕಡೆಗೆ ಸ್ವಯಂಭೂ ಗಾಂಧಾರವು ಮೇಲೆದ್ದು ಬಂದಾಗ 'ಈಗ ಕೂಡಿತು' ಎಂದು ಗುರುವಿನ ಮುಖವನ್ನು ನೋಡುವ ಶಿಷ್ಯನು ಆ ಅರ್ಧ ಗಂಟೆಯಲ್ಲಿ ಕ್ರಮಿಕ ಪುಸ್ತಕಗಳಲ್ಲಿ ಸಿಗದುದನ್ನು ಕಲಿಯುತ್ತಿದ್ದನು. ಕಿವಿಗೆ ಅದು ಅಕ್ಷರಾಭ್ಯಾಸವು. ಗುಂಡಿಯನ್ನೊತ್ತಿದವನಿಗೆ ಸಿದ್ಧವಾದ ಅಡಿಗೆಯು ಸಿಕ್ಕುತ್ತದೆ, ಒಲೆ ಹೊತ್ತಿಸುವದು ಬರುವದಿಲ್ಲ. ಪಾಠಶಾಲೆಯಲ್ಲಿ ರೂಪಾವಳಿಯನ್ನು ಬಾಯಿಪಾಠ ಮಾಡಿದವನಿಗೂ ಕೋಶವನ್ನು ಕೈಯಲ್ಲಿ ಹಿಡಿದವನಿಗೂ ಇರುವ ಅಂತರವೇ ಇಲ್ಲಿಯೂ ಇರುವದು. ಅರ್ಥವು ಇಬ್ಬರಿಗೂ ದೊರೆಯುವದು, ಭಾಷೆಯು ಒಬ್ಬನದಾಗುವದು.

ಇದರ ಜತೆಗೆ ಮಿರಜದ ಕುಶಲಕರ್ಮಿಗಳ ಪ್ರಶ್ನೆಯೂ ಇದೆ. ಕುದುರೆಯ ಬೆನ್ನನ್ನು ಕಣ್ಣಿನಿಂದಲ್ಲ, ಕಿವಿಯಿಂದ ತಿದ್ದುವ ಕೈಗಳು ಅವು. ಅಲ್ಲಿಯ ಸಿತಾರಕ್ಕೂ ತಂಬೂರಿಗೂ 2024ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯು ದೊರೆತದ್ದು ಸಂತೋಷದ ವಿಷಯವು. ಆದರೆ ಮುದ್ರೆಯು ಹೆಸರನ್ನು ಕಾಯುವದು, ಗಿರಾಕಿಯನ್ನು ತರಲಾರದು. ವಿಚಾರಿಸಿ ನೋಡಿದರೆ ಪೆಟ್ಟಿಗೆಯೂ ಅವರಿಗೇ ಋಣಿಯಾಗಿದೆ. ಮುದ್ರಿಸಲು ತಕ್ಕ ಒಳ್ಳೆಯ ತಂಬೂರಿಯು ಮೊದಲು ಯಾರದೋ ಕೈಯಿಂದ ಹುಟ್ಟಿರಬೇಕು. ಮೂಲಗ್ರಂಥವು ನಾಶವಾದ ಮೇಲೆ ಪ್ರತಿಗಳನ್ನು ತಿದ್ದಲು ಆಧಾರವೆಲ್ಲಿಯದು?

ಹಾಗೆಂದು ಪೆಟ್ಟಿಗೆಯನ್ನು ಹೊರಗೆಸೆಯಬೇಕೆಂದು ನನ್ನ ಅಭಿಪ್ರಾಯವಲ್ಲ. ತಂಬೂರಿಯನ್ನು ಕೊಳ್ಳಲಾರದ ಎಷ್ಟೋ ಮನೆಗಳಿಗೆ ಅದು ಶ್ರುತಿಯನ್ನು ತಂದುಕೊಟ್ಟಿದೆ. ಆ ಉಪಕಾರವು ಸಣ್ಣದಲ್ಲ. ಅದನ್ನು ವಿವೇಕದಿಂದ ಬಳಸುವದಕ್ಕೆ ಕೆಲವು ಮಾತುಗಳನ್ನು ಹೇಳಬಹುದು. ಧ್ವನಿಯನ್ನು ದೊಡ್ಡದಾಗಿ ಇಡಬಾರದು. ಕಂಠವು ಅದನ್ನು ಹುಡುಕಿಕೊಂಡು ಹೋಗುವಷ್ಟು ಮೆಲ್ಲಗಿರಬೇಕು. ಮೀಟಿನ ವೇಗವನ್ನು ತಗ್ಗಿಸಿ, ಒಂದು ಸ್ವರವು ಆರುವ ಮೊದಲು ಇನ್ನೊಂದು ಬರುವಂತೆ ನೋಡಿಕೊಳ್ಳಬೇಕು. ಸಾಧ್ಯವಿದ್ದರೆ ಎರಡು ಪೆಟ್ಟಿಗೆಗಳನ್ನು ಸ್ವಲ್ಪ ಬೇರೆ ಬೇರೆ ವೇಗದಲ್ಲಿ ಇಟ್ಟರೆ, ಕಚೇರಿಯಲ್ಲಿ ಗವಾಯಿಯ ಎರಡೂ ಮಗ್ಗುಲಲ್ಲಿ ಕುಳಿತ ಜೋಡಿ ತಂಬೂರಿಗಳ ಬೆರಕೆಯು ಕೊಂಚ ಮಟ್ಟಿಗೆ ಬರುವದು. ದಿನಕ್ಕೊಮ್ಮೆಯಾದರೂ ಪೆಟ್ಟಿಗೆಯನ್ನು ನಿಲ್ಲಿಸಿ, ಮನಸ್ಸಿನಲ್ಲಿ ಉಳಿದ ಷಡ್ಜವನ್ನು ಹಾಡಿ, ಮತ್ತೆ ಹಚ್ಚಿ ತಾಳೆ ನೋಡಬೇಕು. ಕರೆಂಟು ಹೋಗುವದನ್ನು ನಮ್ಮ ಊರುಗಳವರು ಶಾಪವೆಂದೇ ತಿಳಿಯುತ್ತಾರೆ; ಈ ಒಂದು ಅಭ್ಯಾಸಕ್ಕಾದರೂ ಅದು ವರವೇ.

ಎಲ್ಲಕ್ಕಿಂತ ಮಿಗಿಲಾಗಿ, ಒಂದು ತಾಲೂಕಿಗೆ ಒಂದಾದರೂ ನಿಜವಾದ ತಂಬೂರಿಯು ಶಾಲೆಯಲ್ಲಿಯೋ ಮಠದಲ್ಲಿಯೋ ಸಂಗೀತದ ಸಂಘದಲ್ಲಿಯೋ ಸುಸ್ಥಿತಿಯಲ್ಲಿರಬೇಕು. ಅಲ್ಲಿಗೆ ಮಕ್ಕಳು ಬಂದು, ಬಿರಡೆಯನ್ನು ಮುಟ್ಟಿ, ದಾರವನ್ನು ಸರಿಸಿ, ತಂತಿಯು ಬಾಯಿ ತೆರೆಯುವ ಆ ಕ್ಷಣವನ್ನು ಸ್ವತಃ ಅನುಭವಿಸಬೇಕು. ತಾಳಿಕೋಟೆ, ಮುದ್ದೇಬಿಹಾಳ, ಸಿಂದಗಿ, ಇಂಡಿ, ಬಸವನ ಬಾಗೇವಾಡಿ: ಇಷ್ಟು ಊರುಗಳಲ್ಲಿ ಐದು ತಂಬೂರಿಗಳನ್ನಿಟ್ಟು ಕಾಯುವದು ನಮ್ಮ ಸಂಘ-ಸಂಸ್ಥೆಗಳಿಗೆ ಮೀರಿದ ಭಾರವೇನಲ್ಲ. ಹಾಗೆ ಕಿವಿಯನ್ನು ತಿದ್ದಿಕೊಂಡ ಹುಡುಗನು ಮನೆಗೆ ಹೋಗಿ ಪೆಟ್ಟಿಗೆಯನ್ನು ಹಚ್ಚಿದರೆ ಚಿಂತೆಯಿಲ್ಲ. ಅದು ಏನನ್ನು ಹೇಳುತ್ತಿದೆ, ಏನನ್ನು ಹೇಳಲಾರದೆ ಉಳಿದಿದೆ, ಎಂಬುದನ್ನು ಅವನು ಬಲ್ಲನು.